ಹಿಂದಿನಿಂದ ಬರುವ ಶಬ್ದಕ್ಕೆಲ್ಲ ಶಾಕ್ ಅಬ್ಸಾರ್ಬರ್ ಕಾರಣ ಅಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ವಾಹನಗಳ ಪುಟದಲ್ಲಿ ಓದುಗರೊಬ್ಬರು ತಮ್ಮ ಹಳೆಯ ಪದ್ಮಿನಿ ಕಾರಿನ ಬಗ್ಗೆ ಒಂದು ಪ್ರಶ್ನೆ ಕೇಳಿದ್ದರು. ಹಂಪ್ ದಾಟುವಾಗ ಹಿಂದಿನಿಂದ ಟಕ್ ಟಕ್ ಅನ್ನುತ್ತದೆ, ಏನು ಮಾಡಲಿ ಅಂತ. ಅದಕ್ಕೆ ಬಂದ ಉತ್ತರ ಎರಡೇ ಸಾಲು. ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್ (ಗಾಡಿಯ ಕುಣಿತ ತಡೆಯುವ, ಆಯಿಲ್ ತುಂಬಿದ ಕೊಳವೆ) ಬದಲಾಯಿಸಿ, ಕಮಾನ್ ಪ್ಲೇಟುಗಳಿಗೆ ವೇಸ್ಟ್ ಆಯಿಲ್ (ಇಂಜಿನ್ನಿನಿಂದ ತೆಗೆದ ಹಳೆಯ ಎಣ್ಣೆ) ಹೊಡೆಸಿ. ಓದಿ ಸುಮ್ನಿರೋಕೆ ಆಗಲಿಲ್ಲ. ಹೊಟ್ಟೆನೋವು ಅಂತ ಬಂದವರಿಗೆಲ್ಲ ಮುಟ್ಟಿಯೂ ನೋಡದೆ ಅಪೆಂಡಿಕ್ಸ್ ಆಪರೇಷನ್ ಬರೆದುಕೊಟ್ಟ ಹಾಗಾಯ್ತು.

ನನ್ನ ಹತ್ತಿರವೂ ಒಂದು ಪದ್ಮಿನಿ ಇದೆ. ತೀರ್ಥಹಳ್ಳಿಯಲ್ಲಿದ್ದುಕೊಂಡು ಅದನ್ನು ಓಡಿಸುತ್ತೇನೆ, ಶೋಗೆ ಇಟ್ಟಿಲ್ಲ. ಶಿವಮೊಗ್ಗಕ್ಕೆ, ಕೊಪ್ಪಕ್ಕೆ, ಮದುವೆ ಮನೆಗಳಿಗೆ ಅದರಲ್ಲೇ ಹೋಗೋದು. ಈ ಕಾರು ಹಿಂದಿನಿಂದ ಎಷ್ಟು ಬಗೆಯ ಶಬ್ದ ಮಾಡಬಹುದು, ಅದರಲ್ಲಿ ಶಾಕ್ ಅಬ್ಸಾರ್ಬರಿನ ಪಾಲು ಎಷ್ಟು ಕಡಿಮೆ ಅನ್ನೋದು ಇಂಥ ಗಾಡಿ ಇಟ್ಟುಕೊಂಡ ಯಾರನ್ನು ಕೇಳಿದರೂ ಹೇಳುತ್ತಾರೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ನಾವೆಲ್ಲ ಫಿಯಟ್ ಕಾರು ಅಂತಲೇ ಕರೆಯುವ ಇದು ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿ ಮಾಡಿದ ಗಾಡಿ. ಮೂಲ ಇಟಲಿಯ ಫಿಯಟ್ 1100. ಇಲ್ಲಿ 1964ರಲ್ಲಿ ಡಿಲೈಟ್ ಅಂತ ಬಂತು, 1972ರಲ್ಲಿ ಪ್ರೆಸಿಡೆಂಟ್ ಆಯ್ತು, 1974ರಲ್ಲಿ ಪದ್ಮಿನಿ. ಕಂಪನಿ ಕಟ್ಟಿದವರು ವಾಲ್‌ಚಂದ್ ಹೀರಾಚಂದ್. ಬೆಂಗಳೂರಿನಲ್ಲಿ 1940ರಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ವಿಮಾನ ಕಾರ್ಖಾನೆ ಶುರು ಮಾಡಿದವರೂ ಇವರೇ, ಅದೇ ಮುಂದೆ ಎಚ್‌ಎಎಲ್ ಆಯ್ತು. ನಮ್ಮ ದೇಶದಲ್ಲೇ ಕಾರು ಆಗಬೇಕು ಅಂತ ಅವರಿಗೂ ಮೊದಲೇ ಹಟ ಹಿಡಿದು ಅಮೆರಿಕ, ಯುರೋಪು ಸುತ್ತಿ ಯೋಜನೆ ತಯಾರಿಸಿದ್ದು ನಮ್ಮ ವಿಶ್ವೇಶ್ವರಯ್ಯನವರು. ಹಾಗಾಗಿ ಈ ಗಾಡಿ ಮೇಲೆ ನಮಗೂ ಸ್ವಲ್ಪ ಹಕ್ಕಿದೆ ಅಂತ ನಾನು ಹೇಳಿಕೊಂಡು ತಿರುಗುತ್ತೇನೆ, ಇರಲಿ ಬಿಡಿ.

ಹಿಂದಿನ ಕೆಲಸಕ್ಕೆ ಬರೋಣ. ಹಿಂಭಾಗದ ರಚನೆ ಬಹಳ ಸರಳ. ಎರಡು ಚಕ್ರಗಳ ನಡುವೆ ಅಡ್ಡಕ್ಕೆ ಒಂದೇ ಗಟ್ಟಿ ಹೌಸಿಂಗ್, ಅಂದರೆ ಚಕ್ರ ತಿರುಗಿಸುವ ಆಕ್ಸಲ್ ಒಳಗಿರುವ ಕಬ್ಬಿಣದ ಕವಚ. ಅದರ ಎರಡೂ ಕಡೆ ಉದ್ದಕ್ಕೆ ಒಂದೊಂದು ಕಮಾನು, ಅಂದರೆ ಒಂದರ ಕೆಳಗೊಂದು ಜೋಡಿಸಿದ ಉಕ್ಕಿನ ಪ್ಲೇಟುಗಳು. ಕಮಾನಿನ ಮುಂದಿನ ತುದಿ ಬಾಡಿಗೆ ಒಂದು ಬೋಲ್ಟಿನಲ್ಲಿ ನಿಂತಿರುತ್ತದೆ, ಹಿಂದಿನ ತುದಿ ಶ್ಯಾಕಲ್ ಅನ್ನುವ ಕೊಂಡಿಯಲ್ಲಿ ತೂಗಾಡುತ್ತದೆ. ಪ್ಲೇಟುಗಳನ್ನು ಒಟ್ಟಿಗೆ ಹಿಡಿಯೋಕೆ ಮಧ್ಯೆ ಒಂದು ಸೆಂಟರ್ ಬೋಲ್ಟ್, ಹೌಸಿಂಗಿಗೆ ಕಟ್ಟೋಕೆ ಯು ಬೋಲ್ಟುಗಳು. ಕಬ್ಬಿಣಕ್ಕೆ ಕಬ್ಬಿಣ ತಾಗಬಾರದ ಕಡೆ ರಬ್ಬರ್ ಬುಷ್, ಅಂದರೆ ಬೋಲ್ಟಿನ ಸುತ್ತ ಕೂರುವ ರಬ್ಬರಿನ ಬಳೆ. ಜೊತೆಗೆ ಪಕ್ಕಕ್ಕೊಂದು ಶಾಕ್ ಅಬ್ಸಾರ್ಬರ್. ಇಷ್ಟರಲ್ಲೇ ಎಲ್ಲೋ ಒಂದು ಕಡೆ ಸಡಿಲ ಆಗಿರಬಹುದು, ಒಣಗಿರಬಹುದು, ಇಲ್ಲಾ ಮುರಿದಿರಬಹುದು. ಆದರೆ ಶಬ್ದ ಇಷ್ಟರಿಂದಲೇ ಬರುತ್ತಿದೆ ಅಂತಲೂ ಹೇಳೋ ಹಾಗಿಲ್ಲ.

ಅದಕ್ಕೇ ಮೊದಲು ಡಿಕ್ಕಿ ಖಾಲಿ ಮಾಡಿ. ನಗಬೇಡಿ. ಸ್ಟೆಪ್ನಿ, ಜ್ಯಾಕು, ಅದರ ಹ್ಯಾಂಡಲ್, ಪಾನಾ ಚೀಲ, ಯಾವತ್ತೋ ಇಟ್ಟು ಮರೆತ ನೀರಿನ ಕ್ಯಾನು, ಎಲ್ಲ ತೆಗೆದು ಮನೆಯಲ್ಲಿಟ್ಟು ಅದೇ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಜ್ಯಾಕಿನ ಹ್ಯಾಂಡಲ್ ಡಿಕ್ಕಿಯ ತಗಡಿಗೆ ಬಡಿಯೋದು ಡ್ರೈವರ್ ಸೀಟಿನಲ್ಲಿ ಕೂತವರಿಗೆ ಥೇಟ್ ಶಾಕ್ ಅಬ್ಸಾರ್ಬರ್ ಹೋದ ಹಾಗೆಯೇ ಕೇಳಿಸುತ್ತದೆ. ಆಮೇಲೆ ಸೈಲೆನ್ಸರ್ ಪೈಪು. ಗಾಡಿ ತಣ್ಣಗಿರುವಾಗ ಕೈಯಲ್ಲಿ ಹಿಡಿದು ನಾಲ್ಕೂ ದಿಕ್ಕಿಗೆ ಅಲ್ಲಾಡಿಸಿ. ತೂಗುಹಾಕಿದ ರಬ್ಬರು ಹರಿದಿದ್ದರೆ ಪೈಪು ಹೌಸಿಂಗಿಗೋ ಬಾಡಿಗೋ ತಾಗುತ್ತಿರುತ್ತದೆ. ತಾಗುವ ಜಾಗದಲ್ಲಿ ಮಣ್ಣು, ತುಕ್ಕು ಎಲ್ಲ ಉಜ್ಜಿಹೋಗಿ ಕಬ್ಬಿಣ ಬೆಳ್ಳಗೆ ಹೊಳೆಯುತ್ತದೆ, ಟಾರ್ಚ್ ಬಿಟ್ಟರೆ ಕಾಣುತ್ತದೆ. ಕಮಾನು ಹಳೆಯದಾಗಿ ಕುಸಿದಿದ್ದರೆ ಖಾಲಿ ಗಾಡಿಯಲ್ಲಿ ತಾಗದ ಪೈಪು ಹಿಂದೆ ಮೂರು ಜನ ಕೂತಾಗ ತಾಗುತ್ತದೆ, ಇದನ್ನೂ ನೆನಪಿಡಬೇಕು.

ಇದ್ಯಾವುದೂ ಅಲ್ಲ ಅಂತಾದ ಮೇಲೆ ಕೇಳಬೇಕಾದ್ದು ಶಬ್ದ ಎಲ್ಲಿಂದ ಅನ್ನೋದಕ್ಕಿಂತ ಯಾವಾಗ ಅನ್ನೋದನ್ನ. ನಿಮ್ಮ ಉತ್ತರದಲ್ಲಿ ಇದೇ ಇರಲಿಲ್ಲ. ಹಂಪಿಗೆ ಎರಡೂ ಚಕ್ರ ಒಟ್ಟಿಗೆ ಹತ್ತಿದಾಗಲಾ, ಒಂದೇ ಚಕ್ರ ಗುಂಡಿಗೆ ಇಳಿದಾಗಲಾ? ಕ್ಲಚ್ ಬಿಟ್ಟು ಗಾಡಿ ಹೊರಡುವ ಕ್ಷಣಕ್ಕೆ ಒಂದೇ ಸಲ ಟಕ್ ಅಂತದಾ? ಬ್ರೇಕ್ ಒತ್ತಿದಾಗಲಾ? ಬಿಸಿಲಲ್ಲಿ ಮಾತ್ರ ಬಂದು ಮಳೆಯಲ್ಲಿ ನಿಂತುಹೋಗುತ್ತದಾ? ಒಂದೊಂದು ಉತ್ತರವೂ ಒಂದೊಂದು ಕಡೆಗೆ ಕರೆದುಕೊಂಡು ಹೋಗುತ್ತದೆ. ಯಾವ ಪಕ್ಕ ಅಂತ ತಿಳಿಯೋಕೆ ಹಿಂದಿನ ಸೀಟು ತೆಗೆದು ಒಬ್ಬರನ್ನು ಅಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ಕೂರಿಸಿ ನಿಧಾನಕ್ಕೆ ಓಡಿಸಿ. ಜನ ಸಿಗದಿದ್ದರೆ ಮೊಬೈಲನ್ನು ಬಟ್ಟೆಯಲ್ಲಿ ಸುತ್ತಿ ರೆಕಾರ್ಡಿಂಗ್ ಹಾಕಿ ಡಿಕ್ಕಿಯ ಎಡಮೂಲೆಯಲ್ಲಿ ಒಮ್ಮೆ, ಬಲಮೂಲೆಯಲ್ಲಿ ಒಮ್ಮೆ ಇಟ್ಟು ಅದೇ ಹಂಪಿನ ಮೇಲೆ ಹೋಗಿ ಬನ್ನಿ. ಯಾವುದರಲ್ಲಿ ಜೋರು ಅನ್ನೋದು ತಕ್ಷಣ ಗೊತ್ತಾಗುತ್ತದೆ.

ಮಳೆಯ ವಿಷಯ ಹೇಳಿದೆನಲ್ಲ, ನಮ್ಮ ಮಲೆನಾಡಿನವರಿಗೆ ಇದು ಚೆನ್ನಾಗಿ ಗೊತ್ತು. ಜೂನ್ ಬಂತು ಅಂದರೆ ಕಿರ್ ಕಿರ್ ತಾನಾಗೇ ಬಂದ್. ಗಾಡಿ ಸರಿಹೋಯ್ತು ಅಂತ ಖುಷಿ. ದೀಪಾವಳಿ ಕಳೆದು ರಸ್ತೆ ಒಣಗಿದ ಮೇಲೆ ಮತ್ತೆ ಶುರು. ನೀರಿಗೆ ನಿಲ್ಲುವ ಶಬ್ದ ಅಂದರೆ ಅದು ಉಜ್ಜಾಟದ ಶಬ್ದ, ಸಡಿಲದ್ದಲ್ಲ. ಪ್ಲೇಟಿಗೆ ಪ್ಲೇಟು ಉಜ್ಜುತ್ತಿರಬೇಕು, ಇಲ್ಲವೇ ಬುಷ್ಷಿನ ರಬ್ಬರು ಒಣಗಿ ಗಟ್ಟಿಯಾಗಿ ಒಳಗಿನ ಕಬ್ಬಿಣದ ಮೇಲೆ ತಿರುಗುತ್ತಿರಬೇಕು. ಯಾವುದು ಅಂತ ಪತ್ತೆ ಮಾಡೋದನ್ನು ನಾನು ಕಣ್ಣಾರೆ ನೋಡಿದ್ದು ಶಿವಮೊಗ್ಗದ ಒಂದು ಸಣ್ಣ ಗ್ಯಾರೇಜಿನಲ್ಲಿ. ಅಲ್ಲಿನ ಹಿರಿಯ ಮೆಕ್ಯಾನಿಕ್ ಗಾಡಿಯನ್ನು ಗುಂಡಿಯ ಮೇಲೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಒಂದು ಚೊಂಬು ಸೋಪಿನ ನೀರು ಹಿಡಿದು ಕೆಳಗಿಳಿದರು. ಹುಡುಗನಿಗೆ ಹಿಂದಿನ ಬಂಪರ್ ಒತ್ತಿ ಒತ್ತಿ ಗಾಡಿ ಕುಣಿಸೋಕೆ ಹೇಳಿದರು. ಕಿರ್ ಕಿರ್ ಶುರುವಾಯ್ತು. ಮೊದಲು ಎಡಗಡೆ ಮುಂದಿನ ಬುಷ್ಷಿಗೆ ಸ್ವಲ್ಪ ನೀರು ಬಿಟ್ಟರು, ಶಬ್ದ ಹಾಗೇ ಇತ್ತು. ಪ್ಲೇಟುಗಳ ಅಂಚಿಗೆ ಸುರಿದರು, ಹಾಗೇ ಇತ್ತು. ಶ್ಯಾಕಲ್ಲಿನ ಮೇಲಿನ ಬುಷ್ಷಿಗೆ ಎರಡು ಬೆರಳಲ್ಲಿ ಸವರಿದರು ಅಷ್ಟೇ, ನೊರೆ ಒಳಗೆ ಹೋಗುತ್ತಿದ್ದ ಹಾಗೆ ಶಬ್ದ ಬಂದ್. "ನೋಡಿ ಅಕ್ಕಾ, ಇವನೇ. ಬೇರೆ ಯಾರನ್ನೂ ಬಿಚ್ಚೋದು ಬೇಡ" ಅಂದರು. ಒಂದು ರಬ್ಬರ್ ಬುಷ್ಷಿನ ಬೆಲೆಗೂ ಜೊತೆ ಶಾಕ್ ಅಬ್ಸಾರ್ಬರಿನ ಬೆಲೆಗೂ ಇರುವ ಅಂತರ ನಿಮಗೇ ಗೊತ್ತಲ್ವಾ.

ಈಗ ವೇಸ್ಟ್ ಆಯಿಲ್ ವಿಷಯ. ವಾಟರ್ ಸರ್ವಿಸ್ ಮಾಡಿಸಿದಾಗಲೆಲ್ಲ ಗಾಡಿಯ ಕೆಳಭಾಗಕ್ಕೆ ಈ ಕಪ್ಪು ಎಣ್ಣೆಯೋ ಡೀಸೆಲ್ಲೋ ಸ್ಪ್ರೇ ಹೊಡೆಯೋದು ನಮ್ಮಲ್ಲಿ ಹಳೆಯ ರೂಢಿ. ಕೆಲವು ದಿನ ಶಬ್ದ ಕಡಿಮೆ ಆಗೋದೂ ನಿಜ. ಆದರೆ ಆ ಎಣ್ಣೆ ಪ್ಲೇಟಿನ ಮೇಲೆ ಮಾತ್ರ ಬೀಳಲ್ಲ. ಕಮಾನಿನ ಬುಷ್ಷು, ಶಾಕ್ ಅಬ್ಸಾರ್ಬರಿನ ಬುಷ್ಷು, ಬ್ರೇಕಿನ ಹೋಸ್ ಪೈಪು, ಎಲ್ಲ ರಬ್ಬರಿನ ಮೇಲೂ ಬೀಳುತ್ತದೆ. ಸಾಮಾನ್ಯ ರಬ್ಬರಿಗೆ ಖನಿಜ ಎಣ್ಣೆ ಆಗಿಬರಲ್ಲ. ಊದಿಕೊಂಡು ಮೆತ್ತಗಾಗಿ ಹರಿಯುತ್ತದೆ. ಇವತ್ತು ಕಿರ್ ಕಿರ್ ನಿಲ್ಲಿಸೋಕೆ ಹೊಡೆದ ಎಣ್ಣೆ ನಾಳೆ ಟಕ್ ಟಕ್ ತರುತ್ತದೆ. ಹಿಂದಿನ ಡ್ರಮ್ಮಿನೊಳಗೆ ಹೋದರಂತೂ ಬ್ರೇಕ್ ಹಿಡಿಯೋದೇ ಇಲ್ಲ, ಇಲ್ಲಾ ಒಂದೇ ಕಡೆ ಎಳೆಯುತ್ತದೆ. ಧೂಳು ಅಂಟಿಕೊಂಡು ಪ್ಲೇಟುಗಳ ನಡುವೆ ಅರೆಯುವುದು ಬೇರೆ. ಪ್ಲೇಟೇ ಕಿರುಗುಟ್ಟುತ್ತಿದೆ ಅಂತ ಖಾತ್ರಿಯಾದರೆ ಸರಿಯಾದ ದಾರಿ ಒಂದೇ. ಕಮಾನು ಇಳಿಸಿ, ಪ್ಲೇಟು ಬಿಡಿಸಿ, ತಂತಿ ಬ್ರಷ್ಷಿನಲ್ಲಿ ತುಕ್ಕು ಉಜ್ಜಿ, ತೆಳ್ಳಗೆ ಗ್ರಾಫೈಟ್ ಗ್ರೀಸ್ ಸವರಿ ಮತ್ತೆ ಕಟ್ಟಿಸೋದು. ಬಿಡಿಸಿದಾಗ ಮೇಲಿನ ಪ್ಲೇಟಿನ ಅಡಿಭಾಗದಲ್ಲಿ ಕೆಳಗಿನ ಪ್ಲೇಟಿನ ತುದಿ ಕೊರೆದ ಗೀರು ಕಾಣುತ್ತದೆ. ಆಳವಾಗಿದ್ದರೆ ಆ ಪ್ಲೇಟು ಮುಂದೆ ಅಲ್ಲೇ ಮುರಿಯೋದು.

ಟಕ್ ಶಬ್ದಕ್ಕೆ ಬಂದರೆ ಇನ್ನೂ ಹುಷಾರಾಗಿರಬೇಕು, ಯಾಕಂದರೆ ಇದು ಸಡಿಲದ ಶಬ್ದ. ಮೊದಲು ಯು ಬೋಲ್ಟು. ಕಮಾನು ಇಳಿಸಿ ಹಾಕಿದ ಮೇಲೆ ಪ್ಲೇಟುಗಳು ಒಂದಕ್ಕೊಂದು ಕೂರುತ್ತವೆ, ಬೋಲ್ಟು ಸಡಿಲ ಆಗುತ್ತದೆ. ಒಂದಿಷ್ಟು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೆ ಬಿಗಿ ಮಾಡಿಸಲೇಬೇಕು. ಮಾಡಿಸೋರು ಕಡಿಮೆ. ಸಡಿಲ ಬಿದ್ದಿದೆ ಅಂತ ಹೇಳೋಕೆ ಪಾನಾ ಕೂಡ ಬೇಡ. ಬೋಲ್ಟಿನ ಸುತ್ತ, ಪ್ಲೇಟು ಹೌಸಿಂಗಿಗೆ ಕೂರುವ ಜಾಗದಲ್ಲಿ, ಕೆಂಪು ಕುಂಕುಮದ ಬಣ್ಣದ ನುಣ್ಣನೆ ಪುಡಿ ಉದುರಿರುತ್ತದೆ. ಎರಡು ಕಬ್ಬಿಣ ಒಂದರ ಮೇಲೊಂದು ಅಲುಗಾಡಿದರೆ ಮಾತ್ರ ಬರುವ ಪುಡಿ ಅದು. ಯು ಬೋಲ್ಟು ಸಡಿಲ ಬಿಟ್ಟು ಓಡಿಸಿದರೆ ಸೆಂಟರ್ ಬೋಲ್ಟ್ ತುಂಡಾಗುತ್ತದೆ, ಹೌಸಿಂಗ್ ಒಂದು ಪಕ್ಕ ಹಿಂದೆ ಸರಿಯುತ್ತದೆ, ಗಾಡಿ ಸ್ವಲ್ಪ ಅಡ್ಡಡ್ಡ ಓಡೋಕೆ ಶುರು. ಅನುಮಾನ ಇದ್ದರೆ ಸ್ಟೇರಿಂಗ್ ನೇರ ಇಟ್ಟು ಹಿಂದಿನ ಚಕ್ರದ ಮಧ್ಯದಿಂದ ಮುಂದಿನ ಚಕ್ರದ ಮಧ್ಯಕ್ಕೆ ಎರಡೂ ಪಕ್ಕ ಟೇಪು ಹಿಡಿಯಿರಿ. ಎರಡೂ ಲೆಕ್ಕ ಒಂದೇ ಇರಬೇಕು. ಹಾಗೇ ನೆಲದಿಂದ ಮಡ್‌ಗಾರ್ಡಿನ ಅಂಚಿಗೂ ಅಳೆಯಿರಿ. ಒಂದು ಪಕ್ಕ ಕುಸಿದಿದ್ದರೆ ಪ್ಲೇಟು ಮುರಿದಿರಬಹುದು. ಮುರಿತ ಎಷ್ಟೋ ಸಲ ಪ್ಲೇಟುಗಳನ್ನು ಹಿಡಿದಿಡುವ ಕ್ಲಿಪ್ಪಿನ ಅಡಿಯಲ್ಲಿ ಅಡಗಿರುತ್ತದೆ, ಮಣ್ಣು ತೊಳೆಯದೆ ಕಾಣಲ್ಲ.

ಕ್ಲಚ್ ಬಿಟ್ಟಾಗ, ರಿವರ್ಸ್ ಹಾಕಿದಾಗ ಒಂದೇ ಸಲ ಟಕ್ ಅಂದರೆ ಕಮಾನಿನ ಮುಂದಿನ ಬುಷ್ ಇರಬಹುದು, ಯಾಕಂದರೆ ಗಾಡಿಯನ್ನು ಮುಂದಕ್ಕೆ ತಳ್ಳುವ ಬಲವೆಲ್ಲ ಆ ಬುಷ್ಷಿನ ಮೂಲಕವೇ ಬಾಡಿಗೆ ಹೋಗೋದು. ಆದರೆ ಹೆಚ್ಚಿನ ಸಲ ಅದು ಕಮಾನಿನ ಕಡೆಯದೇ ಅಲ್ಲ, ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸು, ಅಂದರೆ ಅದರ ಕೂಡುಕೀಲು. ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟು, ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಇಳಿಸಿ, ಶಾಫ್ಟನ್ನು ಕೈಯಲ್ಲಿ ಹಿಂದೆ ಮುಂದೆ ತಿರುಗಿಸಿ ಕ್ರಾಸಿನ ತುದಿಗಳಲ್ಲಿರುವ ಬಟ್ಟಲಿನಂಥ ಮುಚ್ಚಳಗಳನ್ನು ನೋಡಬೇಕು. ಅಲ್ಲೂ ಅದೇ ಕೆಂಪು ಪುಡಿ ಕಂಡರೆ ಮುಗೀತು. ಡಿಫರೆನ್ಷಿಯಲ್ಲಿನ, ಅಂದರೆ ಹೌಸಿಂಗಿನ ನಡುವಿನ ಗೇರಿನ ಹಲ್ಲುಗಳಲ್ಲಿ ಒಂಚೂರು ಸಡಿಲ ಇದ್ದೇ ಇರುತ್ತದೆ, ಅದಕ್ಕೆ ಗಾಬರಿ ಬೇಡ. ಒರಟು ರಸ್ತೆಯಲ್ಲಿ ಗಲಗಲ ಅನ್ನುವುದಕ್ಕೆ ಇನ್ನೊಂದು ಸುಲಭದ ಪರೀಕ್ಷೆ ಇದೆ: ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಹೋಗುತ್ತಾ ಬ್ರೇಕ್ ಪೆಡಲನ್ನು ಸ್ವಲ್ಪವೇ ಒತ್ತಿ ಹಿಡಿಯಿರಿ, ಶಬ್ದ ನಿಂತರೆ ಅದು ಡ್ರಮ್ಮಿನೊಳಗಿನ ಬ್ರೇಕ್ ಶೂ ಇರಬಹುದು.

ಶಾಕ್ ಅಬ್ಸಾರ್ಬರ್ ಕೆಡೋದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಕೆಡುತ್ತದೆ. ಆಯಿಲ್ ಜಿನುಗಿದ್ದರೆ, ಹಂಪ್ ದಾಟಿದ ಮೇಲೂ ಗಾಡಿ ಕುಣಿಯುತ್ತಲೇ ಇದ್ದರೆ ಬದಲಿಸಿ. ಆದರೆ ಅದು ಕೆಟ್ಟಾಗ ಗಾಡಿ ತೇಲುತ್ತದೆಯೇ ಹೊರತು ಅಷ್ಟಾಗಿ ಬಡಿಯಲ್ಲ. ಬಡಿಯೋದು ಅದರ ಮೇಲೂ ಕೆಳಗೂ ಇರುವ ಚಿಕ್ಕ ರಬ್ಬರ್ ಬುಷ್ಷುಗಳು ಸವೆದಾಗ. ಅನುಮಾನ ತೀರಿಸಿಕೊಳ್ಳೋಕೆ ಬಿಚ್ಚಿ ನೆಟ್ಟಗೆ ಹಿಡಿದು ಪೂರ್ತಿ ಎಳೆದು ಒತ್ತಿ ನೋಡಿ. ಒತ್ತುವಾಗಿನದಕ್ಕಿಂತ ಎಳೆಯುವಾಗ ಹೆಚ್ಚು ಬಿಗಿ ಇರಬಹುದು, ಆದರೆ ಎರಡರಲ್ಲೂ ಮಧ್ಯದಲ್ಲಿ ಎಲ್ಲೂ ಖಾಲಿ ಅನ್ನಿಸಬಾರದು. ಅಂಗಡಿಯಲ್ಲಿ ಅಡ್ಡ ಮಲಗಿಸಿಟ್ಟ ಹೊಸದರಲ್ಲೂ ಗಾಳಿ ಸೇರಿಕೊಂಡು ಈ ಖಾಲಿ ಬರುತ್ತದೆ. ಹಾಕೋ ಮೊದಲು ನೆಟ್ಟಗೆ ನಿಲ್ಲಿಸಿ ಕೆಲವು ಸಲ ಪಂಪ್ ಮಾಡಿದರೆ ಹೋಗುತ್ತದೆ.

ಹೊಸ ಬುಷ್ ಹಾಕಿಸಿದ ಕೆಲವೇ ತಿಂಗಳಲ್ಲಿ ಮತ್ತೆ ಶಬ್ದ ಅಂತ ಎಷ್ಟು ಜನ ಗೋಳಾಡೋದು ಕೇಳಿದ್ದೇನೆ. ಬೆಂಗಳೂರಿನ ಜೆಸಿ ರಸ್ತೆಯಿಂದ ತರಿಸಿದ ಬುಷ್ ಸರಿ ಇಲ್ಲ ಅಂತ ಅಂಗಡಿಯವರಿಗೆ ಬೈಗುಳ. ಈಗ ಸಿಗೋ ರಬ್ಬರು ಕೆಲವು ಗಟ್ಟಿ, ಕೆಲವು ಮೆತ್ತಗೆ, ಅದು ನಿಜ. ಆದರೆ ತಪ್ಪು ಬಹಳ ಸಲ ಹಾಕುವ ರೀತಿಯಲ್ಲಿ ಇರುತ್ತದೆ. ಗಾಡಿ ಎತ್ತಿ, ಚಕ್ರ ನೇತಾಡುತ್ತಿರುವಾಗಲೇ ಬುಷ್ಷಿನ ಬೋಲ್ಟನ್ನು ಪೂರ್ತಿ ಬಿಗಿದುಬಿಡುತ್ತಾರೆ. ಆಗ ರಬ್ಬರು ಆ ಸ್ಥಿತಿಯಲ್ಲೇ ಕಚ್ಚಿಕೊಳ್ಳುತ್ತದೆ. ಗಾಡಿ ಇಳಿಸಿದ ಕೂಡಲೇ ಕಮಾನು ಚಪ್ಪಟೆಯಾಗಿ ರಬ್ಬರು ತಿರುಚುತ್ತದೆ, ನಿಂತಲ್ಲೂ ತಿರುಚಿಕೊಂಡೇ ಇರುತ್ತದೆ. ಹರಿಯದೆ ಇನ್ನೇನಾಗುತ್ತದೆ? ಬೋಲ್ಟನ್ನು ಕೈಬಿಗಿ ಮಾಡಿ, ಗಾಡಿಯನ್ನು ಚಕ್ರದ ಮೇಲೆ ಇಳಿಸಿ, ಒಂದೆರಡು ಸಲ ಕುಣಿಸಿ, ಆಮೇಲೆ ಪೂರ್ತಿ ಬಿಗಿಯಬೇಕು. ಇದನ್ನು ಮೆಕ್ಯಾನಿಕ್ ಎದುರು ನಿಂತು ಹೇಳಿಯೇ ಮಾಡಿಸಿ. ಸ್ವಲ್ಪ ಮುಖ ಊದಿಸಿಕೊಳ್ಳಬಹುದು, ಪರವಾಗಿಲ್ಲ.

ಪರೀಕ್ಷೆ ಮಾಡುವಾಗಲೂ ಇದೇ ಕಾರಣಕ್ಕೆ ಭಾರ ಚಕ್ರದ ಮೇಲೇ ಇರಬೇಕು. ಗಾಡಿಯ ಬಾಡಿಯ ಅಡಿಗೆ ಜ್ಯಾಕ್ ಕೊಟ್ಟು ಎತ್ತಿದರೆ ಎಲ್ಲ ನೇತುಬಿದ್ದು ಇದ್ದ ಸಡಿಲವೂ ಅಡಗುತ್ತದೆ. ಗುಂಡಿ ಅಥವಾ ರ‍್ಯಾಂಪ್ ಒಳ್ಳೆಯದು. ಅದಿಲ್ಲದಿದ್ದರೆ ಹೌಸಿಂಗಿನ ಅಡಿಗೆ ಎರಡೂ ಕಡೆ ಗಟ್ಟಿ ಸ್ಟ್ಯಾಂಡ್. ಸ್ಟ್ಯಾಂಡಿನ ಮೇಲಿದ್ದಾಗ ಗಾಡಿ ಕುಣಿಸಬಾರದು. ಬರೀ ಜ್ಯಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ, ಯಾವ ಕಾರಣಕ್ಕೂ, ಒಂದು ನಿಮಿಷಕ್ಕೂ ಹೋಗಬಾರದು.

ಇನ್ನೊಂದು ಮಾತು. ಈ ಗಾಡಿಗೆ ಲಾರಿಯ ಹಾಗೆ ಬೇರೆ ಚಾಸಿ ಇಲ್ಲ. 1953ರಲ್ಲಿ ಇಟಲಿಯಲ್ಲಿ ಬಂದ ಮೂಲ ಮಾದರಿಯಿಂದಲೂ ಬಾಡಿಯೇ ಚಾಸಿ. ಕಮಾನಿನ ಬೋಲ್ಟು ಹಿಡಿಯುವ ಜಾಗವೂ ಬಾಡಿಯ ತಗಡೇ. ನಮ್ಮ ಕಡೆಯ ಮಳೆಗೆ, ಕರಾವಳಿಯ ಉಪ್ಪುಗಾಳಿಗೆ ಆ ಜಾಗ ಒಳಗಿಂದ ತುಕ್ಕು ತಿನ್ನುತ್ತದೆ. ಹೊರಗೆ ಅಂಡರ್ ಕೋಟಿಂಗ್ ದಪ್ಪಗೆ ಬಳಿದಿರೋದರಿಂದ ಕಾಣಲ್ಲ. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಿ, ಗಟ್ಟಿ ತಗಡು ಟಣ್ ಅನ್ನುತ್ತದೆ, ಕೊಳೆತದ್ದು ಬದ್ ಅನ್ನುತ್ತದೆ. ಅಲ್ಲಿಂದ ಶಬ್ದ ಬರುತ್ತಿದ್ದರೆ ಗಾಡಿಯನ್ನು ಓಡಿಸದೆ ನೇರ ಟಿಂಕರಿಂಗಿಗೆ. ಇಂಥ ಗಾಡಿಗೆ ಹೊಸ ಶಾಕ್ ಅಬ್ಸಾರ್ಬರ್ ಹಾಕಿ ಕಳಿಸಿದರೆ ಆಗುವ ಅನಾಹುತಕ್ಕೆ ಯಾರು ಹೊಣೆ, ಹೇಳಿ?

ನಿಮ್ಮ ಪುಟದಲ್ಲಿ ಹಂಪ್‌ಗಳ ಬಗ್ಗೆಯೂ ಬರೆದರೆ ಒಳ್ಳೆಯದು. ರಸ್ತೆಗಳಿಗೆ ಮಾನದಂಡ ಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯ ಪ್ರಕಾರ ರಸ್ತೆ ಉಬ್ಬು 10 ಸೆಂಟಿಮೀಟರ್ ಎತ್ತರ, ಗಾಡಿ ಸಾಗುವ ದಿಕ್ಕಿಗೆ 3.7 ಮೀಟರ್ ಅಗಲ ಇರಬೇಕು, ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಆರಾಮಾಗಿ ದಾಟುವ ಹಾಗೆ. ನಮ್ಮೂರ ಕಡೆ ಇರೋದು ಮಾರುದ್ದವೂ ಇಲ್ಲದ ಗೋಡೆಗಳು. ಅವುಗಳ ಮೇಲೆ ಒಂದು ಚಕ್ರ ಮೊದಲು, ಇನ್ನೊಂದು ಆಮೇಲೆ ಅಂತ ಓರೆಯಾಗಿ ಹತ್ತಿಸೋ ಅಭ್ಯಾಸ ಬಹಳ ಜನಕ್ಕೆ ಇದೆ, ಕಮಾನು ಮತ್ತು ಶ್ಯಾಕಲ್ ತಿರುಚೋದು ಆಗಲೇ. ಅಡಿ ತಾಗದಿದ್ದರೆ ನೇರವಾಗಿ, ನಿಧಾನಕ್ಕೆ ದಾಟಿಸಿ.

ಹಳೇ ಗಾಡಿ ಅಂದಮೇಲೆ ಶಬ್ದ ಇದ್ದದ್ದೇ ಅನ್ನುವವರಿಗೆ ಒಂದೇ ಉತ್ತರ. ಮುಂಬೈನಲ್ಲಿ ಇದೇ ಪದ್ಮಿನಿ 2023ರ ಅಕ್ಟೋಬರ್ ಕೊನೆಯವರೆಗೂ ಟ್ಯಾಕ್ಸಿಯಾಗಿ ದುಡಿಯಿತು, ಅಲ್ಲಿನ 20 ವರ್ಷದ ನಿಯಮ ಬಂದು ನಿಲ್ಲಿಸಿತೇ ಹೊರತು ತಾನಾಗಿ ಮೂಲೆ ಸೇರಲಿಲ್ಲ.

ಪ್ರಶ್ನೆ ಕೇಳಿದ ಆ ಓದುಗರಿಗೆ ಈ ಪತ್ರ ತಲುಪುವಷ್ಟರಲ್ಲಿ ಶಾಕ್ ಅಬ್ಸಾರ್ಬರ್ ಖರೀದಿ ಮಾಡಿರದಿದ್ದರೆ ಸಾಕು. ಪತ್ರ ಉದ್ದವಾಗಿದೆ, ಗೊತ್ತು. ಜಾಗ ಸಾಲದೆ ಕತ್ತರಿಸುವುದಾದರೆ ಕುರ್ಲಾ, ಇಟಲಿ ಎಲ್ಲ ಕತ್ತರಿಸಿ. ಜ್ಯಾಕಿನ ಸಾಲು ಮಾತ್ರ ಬಿಡಬೇಡಿ.

ಇಂತಿ,
ಪದ್ಮಿನಿ ಕಾರಿನ ಒಡತಿ, ತೀರ್ಥಹಳ್ಳಿ